ವೇಟ್‌ಲಿಸ್ಟ್ ಯಾಕೆ ಬಾಯಿ ಬಿಡುವುದಿಲ್ಲ? ವ್ಯಾಯಾಮ ತರಗತಿಗಳ ನೋಂದಣಿ ಪೋರ್ಟಲ್ ಬಗ್ಗೆ

5ಕ್ಕೆ 3 ಸ್ಟಾರ್. ಕಡಿಮೆಯಾದ ಎರಡೂ ಸ್ಟಾರ್ ವೇಟ್‌ಲಿಸ್ಟ್ ಲೆಕ್ಕಕ್ಕೆ.

ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯ ಕಿನಿಸಿಯಾಲಜಿ (ದೇಹದ ಚಲನೆ, ವ್ಯಾಯಾಮದ ಅಧ್ಯಯನ) ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಇಲ್ಲಿನ ನೋಂದಣಿ ಪೋರ್ಟಲನ್ನು ಮೊದಲು ವಿದ್ಯಾರ್ಥಿನಿಯಾಗಿ ಬಳಸಿದೆ. ಈಗ ಬ್ಯಾಡ್ಮಿಂಟನ್ ಕಲಿಸುವವಳಾಗಿ ಇನ್ನೊಂದು ಕಡೆಯಿಂದ ಬಳಸುತ್ತಿದ್ದೇನೆ. ದೊಡ್ಡ ಕೋರ್ಸ್‌ಗಳ ವಿಷಯ ಬಿಡಿ, ಅದಕ್ಕೆ ಅಡ್ವೈಸರ್ ಇರುತ್ತಾರೆ. ನಾನು ಹೇಳುತ್ತಿರುವುದು ಒಂದು ಕ್ರೆಡಿಟ್‌ನ ವ್ಯಾಯಾಮ ತರಗತಿಗಳ ಬಗ್ಗೆ: ಈಜು, ಯೋಗ, ವೇಟ್ ಟ್ರೇನಿಂಗ್, ಬೌಲಿಂಗ್, ಬ್ಯಾಡ್ಮಿಂಟನ್. ಸೀಟು ಕಮ್ಮಿ, ಬೇಕು ಅನ್ನುವವರು ಜಾಸ್ತಿ.

ಕೆಲವು ಕಡೆ ಇವು ಕಡ್ಡಾಯ. ಮ್ಯಾಸಚೂಸೆಟ್ಸ್‌ನ ಎಂಐಟಿಯಲ್ಲಿ ಪದವಿ ಓದುವವರು 4 ವ್ಯಾಯಾಮ ಕೋರ್ಸ್ ಮುಗಿಸಬೇಕು. ಜೊತೆಗೆ 100 ಗಜ ಈಜಿ ತೋರಿಸಬೇಕು, ಇಲ್ಲವಾದರೆ ಈಜು ತರಗತಿಗೆ ಸೇರಬೇಕು. ನಮ್ಮಲ್ಲಿ ಅಂಥ ನಿಯಮ ಇಲ್ಲ. ಆದರೂ ನನಗೆ ಈಜು ಬೇಕೇ ಬೇಕಿತ್ತು. ನಮ್ಮೂರಲ್ಲಿ ಕೆರೆ ಇತ್ತು, ಹೆಣ್ಣುಮಕ್ಕಳನ್ನು ಇಳಿಯಲು ಬಿಡುತ್ತಿರಲಿಲ್ಲ. ಇಲ್ಲಿ ಹೊರಗಿನ ಕ್ಲಬ್ಬಿನಲ್ಲಿ ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠಕ್ಕೆ ನನ್ನ ಸ್ಟೈಪೆಂಡ್ ಸಾಲುವುದಿಲ್ಲ. ಯೂನಿವರ್ಸಿಟಿಯ ತರಗತಿಗೆ ನನ್ನ ಬೋಧನಾ ಶುಲ್ಕದ ಮನ್ನಾ ಅನ್ವಯಿಸುತ್ತದೆ, ಈಜುಕೊಳದ ಸಣ್ಣ ಫೀ ಮಾತ್ರ ಕೈಯಿಂದ ಕೊಡಬೇಕು. ಈ ತರಗತಿ ಬಿಟ್ಟರೆ ನನಗೆ ಬೇರೆ ದಾರಿ ಇರಲಿಲ್ಲ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ನೋಂದಣಿಗೆ ಪ್ರತಿಯೊಬ್ಬರಿಗೂ ಒಂದು ಸಮಯ ಕೊಡುತ್ತಾರೆ. ಹಿಂದಿನ ರಾತ್ರಿಯೇ ಬೇಕಾದ ತರಗತಿಗಳನ್ನು ಕಾರ್ಟಿಗೆ ಹಾಕಿ 'ವ್ಯಾಲಿಡೇಟ್' ಒತ್ತುತ್ತೇನೆ. ಸಮಯ ಡಿಕ್ಕಿ ಹೊಡೆದರೆ, ಮೊದಲೇ ಓದಿರಬೇಕಾದ ಕೋರ್ಸ್ ಓದಿಲ್ಲದಿದ್ದರೆ, ಆಗಲೇ ಹೇಳಿಬಿಡುತ್ತದೆ. ಎಲ್ಲ ಸಾಲಿಗೂ ಹಸಿರು ಟಿಕ್ ಬಂದ ಮೇಲೇ ಮಲಗುವುದು. ಬೆಳಗ್ಗೆ ಏಳಕ್ಕೆ ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಫೋನು, ಫೋನಿನಲ್ಲಿ ಅಮ್ಮ. ನವೆಂಬರ್ ನೋಂದಣಿಯ ಹೊತ್ತಿಗೆ ಅಲ್ಲಿ ಸಂಜೆ ಆರೂವರೆ. ಅಮ್ಮ ದೇವರ ದೀಪ ಹಚ್ಚಿ ಬಂದು ಕೂತಿರುತ್ತಾರೆ. "ಆಯ್ತಾ? ಸಿಕ್ತಾ?" ಅಂತ ಕೇಳುತ್ತಲೇ ಇರುತ್ತಾರೆ. ಈ ಹತ್ತು ನಿಮಿಷ ನನಗೆ ತುಂಬಾ ಇಷ್ಟ.

"ಲೇಡೀಸ್ ಬ್ಯಾಚ್ ಇಲ್ವೇನೇ?" ಅಂತ ಅಮ್ಮ ಮೊದಲ ಸಲ ಕೇಳಿದ್ದರು. ಇಲ್ಲ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 1972ರ ಟೈಟಲ್ ನೈನ್ ಕಾನೂನು ಬಂದ ಮೇಲೆ ಇಲ್ಲಿ ವ್ಯಾಯಾಮದ ತರಗತಿಗಳನ್ನು ಗಂಡು, ಹೆಣ್ಣು ಅಂತ ಬೇರೆ ಮಾಡುವುದಿಲ್ಲ. ಕುಸ್ತಿಯಂಥ ಮೈಗೆ ಮೈ ತಾಗುವ ಆಟಕ್ಕೆ ಮಾತ್ರ ವಿನಾಯಿತಿ ಇದೆ. ಕೊಳದಲ್ಲಿ ಇಳಿದ ಮೇಲೆ ಯಾರೂ ಯಾರನ್ನೂ ನೋಡುತ್ತಿರುವುದಿಲ್ಲ ಅಂತ ಈಗ ಅಮ್ಮನಿಗೂ ಗೊತ್ತು.

ಇನ್ನು ವೇಟ್‌ಲಿಸ್ಟ್. ಈಜು ತರಗತಿ ಭರ್ತಿಯಾಗಿತ್ತು. ವೇಟ್‌ಲಿಸ್ಟಿನಲ್ಲಿ ನನ್ನದು ಎರಡನೆಯ ಹೆಸರು. ಟರ್ಮ್ ಶುರುವಾಗುವಷ್ಟರಲ್ಲಿ ಯಾರಾದರೂ ಬಿಟ್ಟೇ ಬಿಡುತ್ತಾರೆ, ಸಿಕ್ಕ ಹಾಗೇ ಅಂದುಕೊಂಡಿದ್ದೆ. ನಂತರ ನೋಡಿದರೆ, ಪಟ್ಟಿಯಲ್ಲಿ ನನಗಿಂತ ಎಷ್ಟೋ ಹಿಂದೆ ಇದ್ದ ನನ್ನ ರೂಮ್‌ಮೇಟ್‌ಗೆ ಸೀಟು ಸಿಕ್ಕಿದೆ. ನಾನು ಇದ್ದಲ್ಲೇ ಇದ್ದೇನೆ. ಇಮೇಲ್ ಇಲ್ಲ, ಪೋರ್ಟಲ್‌ನಲ್ಲಿ ಒಂದು ಸಾಲೂ ಇಲ್ಲ.

ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕೇಳಿದಾಗ ಕಾರಣ ತಿಳಿಯಿತು. ರಾತ್ರಿ ಹೊತ್ತು ಒಂದು ಪ್ರೋಗ್ರಾಂ ಓಡುತ್ತದೆ. ಖಾಲಿ ಸೀಟಿಗೆ ಪಟ್ಟಿಯ ಮೊದಲ ಹೆಸರು ತೆಗೆದುಕೊಂಡು ಸೇರಿಸಲು ನೋಡುತ್ತದೆ. ಸಮಯದ ಡಿಕ್ಕಿಯೋ, ಫೀ ಬಾಕಿಯ ತಡೆಯೋ, ಟರ್ಮ್‌ಗೆ ಇಷ್ಟೇ ಕ್ರೆಡಿಟ್ ಅನ್ನುವ ಮಿತಿಯೋ ಅಡ್ಡ ಬಂದರೆ ಸುಮ್ನೆ ಬಿಟ್ಟು ಮುಂದಿನ ಹೆಸರಿಗೆ ಹೋಗುತ್ತದೆ. ನಮ್ಮ ವಿಭಾಗದವರು ಎಲ್ಲರಿಗೂ ಒಂದು ಕ್ರೆಡಿಟ್‌ನ ಸೆಮಿನಾರ್ ಸೇರಿಸಿದ್ದರು. ಅದರಿಂದ ನನ್ನ ಮಿತಿ ತುಂಬಿತ್ತು. ಈಜು ಸೇರಿದರೆ ಒಂದು ಜಾಸ್ತಿಯಾಗುತ್ತಿತ್ತು. ಅಷ್ಟೇ ಕಾರಣ. ಮಿತಿ ಏರಿಸಲು ಅಡ್ವೈಸರ್ ಸಹಿಯ ಒಂದು ಫಾರಂ ಸಾಕಿತ್ತು. ಆದರೆ ಹೇಳಿದರೆ ತಾನೇ?

ನಮ್ಮ ರೈಲ್ವೆಯ ವೇಟಿಂಗ್ ಲಿಸ್ಟ್ ನೆನಪಾಯಿತು. ಅದನ್ನು ಎಷ್ಟೇ ಬೈದರೂ, ಚಾರ್ಟ್ ಆದ ಕೂಡಲೇ ಸೀಟು ಆಯಿತೋ ಇಲ್ಲವೋ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಇಲ್ಲಿ ಅದೂ ಇಲ್ಲ.

ಮುಂದಿನ ಟರ್ಮ್‌ನಲ್ಲಿ ಈಜು ಸಿಕ್ಕಿತು, ಕಲಿತೆ. ಆಮೇಲೆ ಬ್ಯಾಡ್ಮಿಂಟನ್ ತರಗತಿ ನನ್ನ ಪಾಲಿಗೆ ಬಂತು, ಪೋರ್ಟಲಿನ ಇನ್ನೊಂದು ಮುಖ ಕಂಡಿತು. ಅಲ್ಲಿಂದ ನನ್ನ ಸಿಟ್ಟು ಸ್ವಲ್ಪ ಇಳಿದಿದೆ. ಭರ್ತಿಯಾದ ತರಗತಿಗೆ ಇನ್ನೊಬ್ಬರನ್ನು ಸೇರಿಸಿಕೊಂಡರೆ ಏನು ನಷ್ಟ ಅಂತ ಹೊರಗಿನಿಂದ ಅನ್ನಿಸುತ್ತದೆ ಅಲ್ವಾ? ನಮಗೆ ಇರುವುದು 6 ಕೋರ್ಟ್. ಡಬಲ್ಸ್ ಆಡಿದರೆ ಒಂದೊಂದರಲ್ಲಿ 4 ಜನ, ಒಟ್ಟು 24. ಇಪ್ಪತ್ತೈದನೆಯವರು ಬಂದರೆ ಯಾರಾದರೂ ಗೋಡೆಗೆ ಒರಗಿ ನಿಲ್ಲಬೇಕು. ಈಜಿನಲ್ಲಿ ಲೇನ್ ಲೆಕ್ಕ, ಲೈಫ್‌ಗಾರ್ಡ್ ಲೆಕ್ಕ. ಉಪನ್ಯಾಸದ ಹಾಲ್‌ನಂತೆ ಹಿಂದೆ ಎರಡು ಕುರ್ಚಿ ಹಾಕಲು ಬರುವುದಿಲ್ಲ.

ಕಲಿಸುವವರಿಗೆ ಸಿಗುವ ರೋಸ್ಟರ್, ಅಂದರೆ ವಿದ್ಯಾರ್ಥಿಗಳ ಪಟ್ಟಿ, ಮಾತ್ರ ಬಹಳ ಚೆನ್ನಾಗಿದೆ. ಪ್ರತಿ ಹೆಸರಿನ ಪಕ್ಕ ಫೋಟೊ, ಅವರು ಕರೆಸಿಕೊಳ್ಳಲು ಇಷ್ಟಪಡುವ ಹೆಸರು, ಅವರದೇ ದನಿಯಲ್ಲಿ ಆ ಹೆಸರಿನ ಉಚ್ಚಾರ. ತರಗತಿ ಇರುವ ದಿನ ಶಟಲ್ ಡಬ್ಬಿ ಎಣಿಸಿ ಇಟ್ಟು, ಜಿಮ್‌ನ ಮೆಟ್ಟಿಲ ಮೇಲೆ ಕೂತು ಒಂದೊಂದೇ ಹೆಸರು ಕೇಳುತ್ತೇನೆ, ಜೊತೆಗೆ ನಾನೂ ಹೇಳುತ್ತೇನೆ. ನನ್ನ ಹೆಸರನ್ನು ಇಲ್ಲಿ ಎಲ್ಲರೂ ತಮಗೆ ತೋಚಿದಂತೆ ತುಂಡು ಮಾಡುತ್ತಿದ್ದರು. ಈಗ ನನ್ನ ದನಿಯೂ ಅಲ್ಲಿದೆ. ಇದಕ್ಕಾಗಿಯೇ ಒಂದು ಸ್ಟಾರ್ ಕೊಡಬಹುದು.

ಆದರೆ ವೇಟ್‌ಲಿಸ್ಟಿನವರನ್ನು ಯಾಕೆ ಬಿಟ್ಟಿತು ಅನ್ನುವುದು ನನ್ನ ಪರದೆಯ ಮೇಲೂ ಕಾಣುವುದಿಲ್ಲ. ಹೆಸರು ಮಾತ್ರ ಕಾಣುತ್ತದೆ. ಮೊದಲ ದಿನ ಬಾರದವರ ಹೆಸರನ್ನು ಪೋರ್ಟಲ್ ತಾನಾಗಿ ತೆಗೆಯುವುದೂ ಇಲ್ಲ. ಅವರೇ ಬಿಡಬೇಕು, ಅಲ್ಲಿಯವರೆಗೆ ಸೀಟು ಖಾಲಿ ಬಿದ್ದಿರುತ್ತದೆ. ವೇಟ್‌ಲಿಸ್ಟ್ ಮುಚ್ಚಿದ ಮೇಲೆ ಉಳಿದ ಸೀಟಿಗೆ ಒಬ್ಬರು ಒಂದೇ ಸಲ ಬಳಸಬಹುದಾದ ಪರ್ಮಿಷನ್ ನಂಬರ್ ನಾವು ಕೊಡುತ್ತೇವೆ. ನಾನು ಪಟ್ಟಿಯ ಕ್ರಮದಲ್ಲೇ ಕೊಡುತ್ತೇನೆ, ಗುರುತು ಪರಿಚಯ ನೋಡುವುದಿಲ್ಲ.

ಇದರಲ್ಲಿ ನಿಜವಾದ ಅಪಾಯ ಇರುವುದು ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದಲು ಬಂದ ಮಕ್ಕಳಿಗೆ. ವೀಸಾ ಉಳಿಯಬೇಕಾದರೆ ಅವರು ಟರ್ಮ್‌ಗೆ ಕನಿಷ್ಠ 12 ಕ್ರೆಡಿಟ್‌ನಲ್ಲಿ ನೋಂದಾಯಿಸಿರಬೇಕು. ವೇಟ್‌ಲಿಸ್ಟಿನಲ್ಲಿ ಇರುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಪೋರ್ಟಲ್ ಎರಡನ್ನೂ ಒಂದೇ ಪುಟದಲ್ಲಿ ಒಂದರ ಕೆಳಗೆ ಒಂದು ತೋರಿಸುತ್ತದೆ. ಈಗಷ್ಟೇ ಬಂದ ಒಬ್ಬ ಹುಡುಗನಿಗೆ ಕೈಯಲ್ಲಿ 11 ಇತ್ತು, ನನ್ನ ಬ್ಯಾಡ್ಮಿಂಟನ್ ವೇಟ್‌ಲಿಸ್ಟಿನಲ್ಲಿ 1. ಪುಟ ನೋಡಿ 12 ಆಯಿತು ಅಂದುಕೊಂಡಿದ್ದ. ವಿಷಯ ತಿಳಿದಾಗ ಅವನ ಮುಖ ಬಿಳಿಚಿಕೊಂಡಿತು. ಪುಣ್ಯಕ್ಕೆ ಬೆಳಗಿನ ಯೋಗದಲ್ಲಿ ಸೀಟು ಇತ್ತು, ಅಲ್ಲೇ ನಿಂತು ಸೇರಿಸಿದೆ. ಊರಿನಿಂದ ಮಕ್ಕಳನ್ನು ಕಳಿಸುತ್ತಿರುವ ಅಪ್ಪ ಅಮ್ಮಂದಿರೇ, 'ಎನ್‌ರೋಲ್ಡ್' ಅಂತ ಇರುವ ಸಾಲುಗಳನ್ನು ಮಾತ್ರ ಕೂಡಿಸಿ ಅಂತ ಅವರಿಗೆ ಹೇಳಿ.

ಇನ್ನೊಂದು ಉಪಾಯ. ಸಮಯದ ಡಿಕ್ಕಿ ಇದ್ದರೆ 'ಸ್ವ್ಯಾಪ್' ಬಳಸಿ. ಹೊಸ ಸೀಟು ಸಿಕ್ಕಿದರೆ ಮಾತ್ರ ಹಳೆಯದನ್ನು ಬಿಡುತ್ತದೆ. ಸಿಗದಿದ್ದರೆ ಹಳೆಯದು ನಿಮ್ಮಲ್ಲೇ ಉಳಿಯುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಮೆನುವಿನ ಮೂಲೆಯಲ್ಲಿ ಅಡಗಿ ಕೂತಿದೆ.

ನನಗೆ ಬೇಜಾರಾಗುವುದು ಯಾಕೆಂದರೆ, ನನ್ನ ಹೆಸರು ಬಿಟ್ಟ ಕಾರಣ ರಿಜಿಸ್ಟ್ರಾರ್ ಕಚೇರಿಯವರ ಪರದೆಯ ಮೇಲೆ ಸ್ಪಷ್ಟವಾಗಿ ಇತ್ತು. ನಾನೇ ನೋಡಿದೆ. ಅದೇ ಸಾಲನ್ನು ವಿದ್ಯಾರ್ಥಿಗೂ ಒಂದು ಇಮೇಲ್ ಮಾಡಿ ಅಂತ ಬರೆದುಕೊಟ್ಟಿದ್ದೇನೆ. ಮುಂದಿನ ಅಪ್‌ಗ್ರೇಡ್ ವೇಳೆ ನೋಡುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ನನ್ನ ವೇಟ್‌ಲಿಸ್ಟಿಗೆ ಯಾರು ಸೇರಿದರೂ ನಾನೇ ಒಂದು ಇಮೇಲ್ ಕಳಿಸುತ್ತೇನೆ: ಕ್ರೆಡಿಟ್ ಮಿತಿ ನೋಡಿಕೊಳ್ಳಿ, ಸಮಯ ನೋಡಿಕೊಳ್ಳಿ, ಫೀ ಬಾಕಿ ಇದೆಯಾ ನೋಡಿಕೊಳ್ಳಿ, ಇವತ್ತೇ.