ರಾಯಚೂರಿನ ಬಿಸಿಲು, ಮಗನ ಇಸುಬು, 2 ವರ್ಷದ ಪೆಟ್ರೋಲಿಯಂ ಜೆಲ್ಲಿ

ವಾಸನೆ ಇಲ್ಲ, ಬಣ್ಣ ಇಲ್ಲ, ಡಬ್ಬಿ ಮೇಲೆ ನಗುವ ಮಗುವಿನ ಚಿತ್ರವೂ ಇಲ್ಲ. ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ. ಇಸುಬು (ಎಕ್ಸಿಮಾ) ಇರುವ ಮಗನಿಗೆ 2 ವರ್ಷದಿಂದ ಇದನ್ನೇ ಹಚ್ಚುತ್ತಿದ್ದೇನೆ. ಮೂರು ಕಂಪನಿಯದು ಬಳಸಿದೆ, ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹೆಸರು ಬೇಡ.

ಅವನಿಗೆ 8 ತಿಂಗಳಿದ್ದಾಗ ಕೆನ್ನೆ ಕೆಂಪಾಯಿತು. ಆಮೇಲೆ ಮೊಣಕೈ ಸಂದಿ, ಮೊಣಕಾಲ ಹಿಂದೆ. ರಾತ್ರಿಯೆಲ್ಲ ಕೆರೆತ, ಬೆಳಿಗ್ಗೆ ಹಾಸಿಗೆ ಮೇಲೆ ರಕ್ತದ ಚುಕ್ಕಿ. "ರಕ್ತ ಕೆಟ್ಟೈತಿ, ಬೇವಿನ ತಪ್ಪಲ ಹಾಕಿ ನೀರು ಎರಿ" ಅಂದರು ಅತ್ತೆ. ನಾನು ಓದಿದವಳಲ್ವಾ, ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಕ್ರಿಮಿ ಕೊಲ್ಲುವ ಸೋಪು ತಂದೆ, ಸ್ನಾನದ ನೀರಿಗೆ ಆಂಟಿಸೆಪ್ಟಿಕ್ ಸುರಿದೆ. ಒಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಟ್ಯೂಬೊಂದನ್ನು ಕೊಟ್ಟರು. ಎರಡೇ ದಿನಕ್ಕೆ ಎಲ್ಲ ಮಾಯ! ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಜಾಸ್ತಿ. ಜೋರಾದ ಸ್ಟೀರಾಯ್ಡ್, ಆಂಟಿಬಯಾಟಿಕ್, ಹುಳಕಡ್ಡಿ ಔಷಧಿ ಮೂರೂ ಅದರಲ್ಲಿದ್ದವಂತೆ.

ಚರ್ಮದ ಡಾಕ್ಟರು ಮೊದಲು ಕೇಳಿದ್ದೇ "ಸೋಪು ಯಾವುದು?" ಅಂತ. ಚರ್ಮದ ಮೇಲೆ ಬ್ಯಾಕ್ಟೀರಿಯಾಗಳ ಒಂದು ಊರೇ ಇದೆ ಅಂದರು. ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಥರದವು ಹೆಚ್ಚಾಗಿ ನಮ್ಮ ಪರ. ಅವುಗಳ ಕೆಲವು ತಳಿಗಳು ತಮ್ಮ ದಾಯಾದಿ ಸ್ಟೆಫಿಲೊಕಾಕಸ್ ಆರಿಯಸ್ಸನ್ನು ತಡೆಯುವ ವಸ್ತು ತಯಾರಿಸುತ್ತವೆ. ಇಸುಬು ಕೆರಳಿದಾಗ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆಯಾಗಿ ಆರಿಯಸ್ಸಿನದೇ ದರ್ಬಾರು. 2012ರಲ್ಲಿ ಅಮೆರಿಕದಲ್ಲಿ ಇಸುಬಿನ ಮಕ್ಕಳ ಚರ್ಮ ಪರೀಕ್ಷಿಸಿದವರಿಗೂ ಇದೇ ಕಂಡಿತು. ಆರಿಯಸ್ ಬಿಡುವ ವಿಷಕ್ಕೆ ಉರಿ, ತುರಿಕೆ. ಕೆರೆದರೆ ಚರ್ಮ ಒಡೆದು ಅದಕ್ಕೆ ಇನ್ನಷ್ಟು ಜಾಗ. ಆರೋಗ್ಯವಾದ ಚರ್ಮ ಸ್ವಲ್ಪ ಹುಳಿ, ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 5ರ ಆಸುಪಾಸು. ಮಾಮೂಲಿ ಸೋಪಿನದು 9ರಿಂದ 10. ನಾನು ದಿನಾ ಎರಡು ಸಲ ಆ ಹುಳಿಯನ್ನೇ ತೊಳೆದು ಹಾಕುತ್ತಿದ್ದೆ.

ಜೆಲ್ಲಿ ಔಷಧಿ ಅಲ್ಲ. ಚರ್ಮದ ನೀರು ಆರದಂತೆ ಮುಚ್ಚಳ ಹಾಕುತ್ತದೆ, ಅಷ್ಟೇ. ಉಗುರುಬೆಚ್ಚಗಿನ ನೀರಲ್ಲಿ ಐದು ನಿಮಿಷ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಮೈ ಹಸಿ ಇರುವಾಗಲೇ ಹಚ್ಚುವುದು. ಮಕ್ಕಳಿಗೆ ವಾರಕ್ಕೆ 250 ಗ್ರಾಂ ಬೇಕಾಗಬಹುದು ಅಂದಾಗ ಸುಮ್ನೆ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ, ನಿಜವಾಗಿಯೂ ಅಷ್ಟು ಖರ್ಚಾಗುತ್ತದೆ. ಮೂರು ವಾರಕ್ಕೆ ಅವನು ರಾತ್ರಿ ಪೂರ್ತಿ ಮಲಗಿದ. ನಾನೂ ಮಲಗಿದೆ. ತಿಂಗಳಿಗೆ ಎರಡು ಸಲ ಕೆರಳುತ್ತಿದ್ದದ್ದು ಈಗ ವರ್ಷಕ್ಕೆ ನಾಲ್ಕೈದು ಸಲ. ಆಗ ಡಾಕ್ಟರು ಬರೆದುಕೊಟ್ಟ ಸೌಮ್ಯ ಸ್ಟೀರಾಯ್ಡ್ ಬೇಕೇ ಬೇಕು. ಜೆಲ್ಲಿಯೊಂದರಿಂದಲೇ ಆಗುವುದಿಲ್ಲ.

ಈಗ ಬೈಗುಳ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟಿದಾಗ ಡಬ್ಬಿಯೊಳಗೆ ಎಣ್ಣೆಯಂತಾಗುತ್ತದೆ. ಮೈಯೆಲ್ಲ ಜಿಗಿ ಜಿಗಿ, ಅಂಗಳದ ಕೆಮ್ಮಣ್ಣೆಲ್ಲ ಅಂಟುತ್ತದೆ, ಕತ್ತಿನಲ್ಲಿ ಬೆವರುಸಾಲೆ. ಹಾಗಾಗಿ ಬೇಸಿಗೆಯಲ್ಲಿ ಹಗಲು ವಾಸನೆ ಇಲ್ಲದ ತೆಳು ಕ್ರೀಮು, ರಾತ್ರಿ ಮಾತ್ರ ಜೆಲ್ಲಿ. ಬಟ್ಟೆಗೆ ಹಿಡಿದ ಜಿಡ್ಡು ಒಗೆದರೂ ಪೂರ್ತಿ ಹೋಗಲ್ಲ. ಅಂಥ ಬಟ್ಟೆಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ, ದೀಪಾವಳಿಯಲ್ಲಿ ಹುಷಾರು.

ತಂಗಿ ಬಸುರಿ. ಹುಟ್ಟಿದ ದಿನದಿಂದಲೇ ಹಚ್ಚಲಾ ಅಂತ ಕೇಳಿದಳು. ಬ್ರಿಟನ್ನಿನಲ್ಲಿ ಸುಮಾರು 1,400 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಒಂದು ವರ್ಷ ದಿನಾ ಚರ್ಮ ಒಣಗದಂತೆ ತಡೆಯುವ ಕ್ರೀಮು, ಜೆಲ್ ಹಚ್ಚಿ ನೋಡಿದ್ದಾರೆ. ಇಸುಬು ಬರುವುದನ್ನು ಅದು ತಡೆಯಲಿಲ್ಲ ಅಂತ 2020ರಲ್ಲಿ ಫಲಿತಾಂಶ ಬಂತು. ಬೇಡ ಅಂದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಬೇಸಿಗೆಗೆ.

ಹಾಂ, ಡಬ್ಬಿಗೆ ಬೆರಳು ಹಾಕಬೇಡಿ, ಬೆರಳಿನ ಬ್ಯಾಕ್ಟೀರಿಯಾ ಒಳಗೆ ಸೇರುತ್ತದೆ. ತೊಳೆದ ಚಮಚದಲ್ಲಿ ತೆಗೆಯಿರಿ. ನಮ್ಮನೆ ಚಮಚ ಮೊನ್ನೆ ಅತ್ತೆಯ ಚಹಾಪುಡಿ ಡಬ್ಬಿಯಲ್ಲಿ ಸಿಕ್ಕಿತು.