ಉದ್ರಿ ಬಾಕಿಯ ಸಂದೇಶಕ್ಕೆ ಆಟೊಮೇಷನ್: ಸರದಿಯಲ್ಲಿ ಕಾದು ಹಳತಾಗುವ ಅಂಕಿಗಳು

ದಾವಣಗೆರೆಯ ನಮ್ಮ ಬೀಜ, ಗೊಬ್ಬರದ ಅಂಗಡಿಯಲ್ಲಿ ಉದ್ರಿ ಲೆಕ್ಕ ಮುಂಗಾರಿನೊಂದಿಗೆ ಶುರುವಾಗಿ ಮೆಕ್ಕೆಜೋಳ ಮಾರುಕಟ್ಟೆಗೆ ಬರುವವರೆಗೂ ನಡೆಯುತ್ತದೆ. ಶೀಟ್‌ನಲ್ಲಿ ಬಿಲ್ಲು ನಮೂದಾದೊಡನೆ ಒಂದು ಕೆಲಸವನ್ನು ಸರದಿಯಲ್ಲಿಟ್ಟು, ವಾಯಿದೆಯ ದಿನ ರೈತರ ವಾಟ್ಸ್‌ಆ್ಯಪ್‌ಗೆ ಕನ್ನಡದಲ್ಲಿ ಸಂದೇಶ ಕಳಿಸುವ ಸೇವೆಯೊಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಬೆಳಿಗ್ಗೆ ಲಕ್ಷ್ಮಿಯ ಪಟಕ್ಕೆ ಊದುಬತ್ತಿ ಹಚ್ಚಿ, ಗುಮಾಸ್ತರು ಬರುವ ಮೊದಲು ಚಹಾ ಕುಡಿಯುತ್ತ ಆ ಸರದಿಯ ಪಟ್ಟಿಯನ್ನು ಜಗಳೂರು, ಹರಿಹರ, ಚನ್ನಗಿರಿ ಎಂದು ತಾಲ್ಲೂಕುವಾರು ನೋಡುವುದು ನನಗೆ ಪತ್ರಿಕೆ ಓದುವುದಕ್ಕಿಂತ ಪ್ರಿಯವಾಗಿತ್ತು.

ಕಿರಿಕಿರಿ ಶುರುವಾದದ್ದು ಸುಗ್ಗಿಯಲ್ಲಿ. ಅರ್ಧ ಹಣ ಕೊಟ್ಟುಹೋಗಿದ್ದ ಹಿರಿಯರೊಬ್ಬರಿಗೆ ಪೂರ್ತಿ ಬಾಕಿಯ ಸಂದೇಶ ಹೋಯಿತು. “ಸಾವ್ಕಾರ್ರೇ, ಮೊನ್ನೆ ಕೊಟ್ಟ ರೊಕ್ಕ ಜಮಾ ಮಾಡ್ಕಂಡಿಲ್ಲೇನ್ರಿ?” ಎಂದು ಅವರು ಎಲ್ಲರೆದುರು ಕೇಳಿದರು. ಶೀಟ್‌ನಲ್ಲಿ ಜಮಾ ಸರಿಯಾಗಿಯೇ ಇತ್ತು. ಬಿಲ್ಲು ನಮೂದಾದ ಕ್ಷಣದ ಮೊತ್ತ, ಹೆಸರು, ಫೋನ್ ಸಂಖ್ಯೆಗಳನ್ನು ನಕಲಿಸಿಕೊಂಡ ಕೆಲಸವು ಆಮೇಲೆ ಶೀಟ್‌ನತ್ತ ತಿರುಗಿಯೂ ನೋಡುವುದಿಲ್ಲ. ಸಂದೇಶದ ಒಕ್ಕಣೆಯನ್ನು ತಿದ್ದಿದರೂ ಅಷ್ಟೇ: ಹೊಸ ಬಿಲ್ಲುಗಳಿಗೆ ಹೊಸದು, ಕಾಯುತ್ತಿರುವವುಗಳಿಗೆ ಹಳೆಯದು. ಸಹಾಯವಾಣಿಯವರು ಇದನ್ನು ದೋಷವೆಂದು ಒಪ್ಪದೆ, ವ್ಯವಸ್ಥೆಯೇ ಹಾಗಿದೆ ಎಂದರು.

ಅವರ ಮಾತು ತಾಂತ್ರಿಕವಾಗಿ ತಪ್ಪಲ್ಲ. ಇಂಥ ಕೆಲಸಗಳನ್ನು ತಾನಾಗಿ ನಡೆಸುವ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್‌ನಲ್ಲಿಯೂ ಮೊದಲು ಓದಿಕೊಂಡ ಮಾಹಿತಿ ಕಾಯುವಿಕೆಯ ನಂತರ ತಾನಾಗಿ ಹೊಸದಾಗುವುದಿಲ್ಲ. ಅಲ್ಲಿ ಒಂದು ರನ್ (ಶುರುವಾದ ಕೆಲಸದ ಒಂದು ಓಟ) 30 ದಿನಕ್ಕಿಂತ ಹೆಚ್ಚು ಕಾಯುವಂತೆಯೂ ಇಲ್ಲವಾದ್ದರಿಂದ, ನಮ್ಮಂಥ ಬೆಳೆ ಸಾಲದ ವಾಯಿದೆಗೆ ಆ ವಿಧಾನ ಒಗ್ಗದು. ಆದರೆ ವ್ಯಾಪಾರಿಗಳಿಗೆಂದೇ ಮಾರುವ ಸೇವೆ ಈ ಸಂಗತಿಯನ್ನು ಮೊದಲ ಪುಟದಲ್ಲಿಯೇ ಹೇಳಬೇಕಿತ್ತು.

ಕಾಯುವಿಕೆ ಮುಗಿದ ಬಳಿಕ ಬಿಲ್ಲಿನ ಸಂಖ್ಯೆಯಿಂದ ಶೀಟ್ ಅನ್ನು ಮತ್ತೊಮ್ಮೆ ಓದಿಸಿ, ಬಾಕಿ ಸೊನ್ನೆಯಾಗಿದ್ದರೆ ಅಲ್ಲಿಗೇ ನಿಲ್ಲಿಸುವ ಹಂತಗಳನ್ನು ಮೊದಲು ಸೇರಿಸಿದೆ. ಅಂಕಿಗಳು ಸರಿಹೋದವು, ಆದರೆ ನಮ್ಮ ಸೇವೆಯಲ್ಲಿ ಪ್ರತಿ ಹಂತಕ್ಕೂ ಶುಲ್ಕವಿರುವುದರಿಂದ ಖರ್ಚು ಏರಿತು. ಈಗ ಕಾಯುವ ಕೆಲಸಗಳನ್ನೇ ತೆಗೆದು, ದಿನವೂ ಬೆಳಿಗ್ಗೆ ಒಮ್ಮೆ ಓಡಿ, ಅಂದಿನ ವಾಯಿದೆಯಿದ್ದು ಬಾಕಿಯೂ ಉಳಿದಿರುವ ಸಾಲುಗಳನ್ನಷ್ಟೇ ಆರಿಸುವ ಒಂದೇ ಕೆಲಸವನ್ನು ಇಟ್ಟಿದ್ದೇನೆ. ವಾಯಿದೆ ಮುಂದೂಡಿದರೂ, ಫೋನ್ ಸಂಖ್ಯೆ ಬದಲಾದರೂ ಶೀಟ್‌ನಲ್ಲಿ ತಿದ್ದಿದರೆ ಸಾಕು.

ತಾಲ್ಲೂಕುವಾರು ಪಟ್ಟಿಯ ಸೊಗಸು ಇದರಿಂದ ಹೋಯಿತು, ಅದು ಬೇಸರದ ಸಂಗತಿಯೇ. ಆದರೂ ಸೇವೆಯನ್ನು ಬಿಟ್ಟಿಲ್ಲ. ಕನ್ನಡ ಸಂದೇಶಗಳು ಅಚ್ಚುಕಟ್ಟಾಗಿ ಹೋಗುತ್ತವೆ. ಮೊದಲು ಚಂದಾ ನಿಲ್ಲಿಸಿದರೆ ಸರದಿಯಲ್ಲಿದ್ದದ್ದೆಲ್ಲ ಅಳಿಸಿಹೋಗುವ ಭಯವಿತ್ತು. ಈಗ ಸರದಿಯೇ ಇಲ್ಲದ್ದರಿಂದ ತಿಂಗಳ ಚಂದಾಕ್ಕೆ ಇಳಿದು, ವಸೂಲಿಯ ತಿಂಗಳುಗಳಿಗೆ ಮಾತ್ರ ಹಣ ಕಟ್ಟುತ್ತಿದ್ದೇನೆ.