ಪಿನ್-ಇನಿಟ್: ಕೆಲಸ ಗಟ್ಟಿ, ಎರರ್ ಬಂದರೆ ತಲೆನೋವು

ವಿರಾಜಪೇಟೆಯ ಮನೆಯಿಂದಲೇ ಲಿನಕ್ಸ್ ಡ್ರೈವರ್ ಬರೆಯುವವಳು ನಾನು. ಈ ಮಳೆಗಾಲ ಸಿ ಭಾಷೆಯ ಒಂದು ಹಳೆಯ ಡ್ರೈವರನ್ನು ರಸ್ಟ್ ಭಾಷೆಗೆ ತರುವ ಕೆಲಸ ಬಂತು. ಅದರಲ್ಲಿ ಜಾಸ್ತಿ ಒಡನಾಟ ಆಗಿದ್ದು ಪಿನ್-ಇನಿಟ್ ಲೈಬ್ರರಿ ಜೊತೆ. ಮೆಮೊರಿಯಲ್ಲಿ ಜಾಗ ಬದಲಿಸಬಾರದ ಡೇಟಾವನ್ನು ಅದು ಇರುವ ಜಾಗದಲ್ಲೇ ತಯಾರು ಮಾಡೋಕೆ ಇರೋದು ಇದು. 2023ರ ಲಿನಕ್ಸ್ 6.4ರಿಂದ ಇದು ಕರ್ನಲ್ (ಲಿನಕ್ಸ್‌ನ ತಿರುಳು) ಸೋರ್ಸ್ ಒಳಗೇ ಇದೆ. ಗಾಳಿಮಳೆಗೆ ನೆಟ್ ಹೋದರೂ ಕೆಲಸ ನಿಲ್ಲಲ್ಲ, ಅದೇ ಮೊದಲ ಸಮಾಧಾನ.

ಇದು ಬೇಕಾಗೋದು ಯಾಕೆ? ಕರ್ನಲ್‌ನ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಲಾಕ್) ಒಳಗೆ ಲಾಕಿಗೆ ಕಾಯುವವರ ಪಟ್ಟಿ ಇರುತ್ತದೆ. ಪಟ್ಟಿ ಖಾಲಿ ಇದ್ದಾಗ ಅದರ ಹಿಂದಿನ, ಮುಂದಿನ ಪಾಯಿಂಟರ್ ಎರಡೂ ತನ್ನ ವಿಳಾಸವನ್ನೇ ತೋರಿಸುತ್ತವೆ. ಮ್ಯೂಟೆಕ್ಸನ್ನು ಬೇರೆ ಜಾಗಕ್ಕೆ ಸರಿಸಿದರೆ ಪಾಯಿಂಟರ್‌ಗಳು ಹಳೇ ವಿಳಾಸವನ್ನೇ ಹಿಡಿದುಕೊಂಡಿರುತ್ತವೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕನ್ನು ಕಿತ್ತು ಆಚೆ ನೆಡೋಕಾಗುತ್ತಾ? ಸುಮ್ನೆ ಹೀಪ್‌ನಲ್ಲಿ (ಬೇಕಾದಾಗ ಕೇಳಿ ಪಡೆಯುವ ಮೆಮೊರಿ) ಇಟ್ಟರೆ ಸಾಲದು, ಆ ಜಾಗವನ್ನು ಹಿಡಿದಿಡುವ ಸಾದಾ ಬಾಕ್ಸ್‌ನಿಂದ ಒಳಗಿನದನ್ನು ಹೊರತೆಗೆಯಬಹುದು. ಪಿನ್ ಮಾಡಿದ, ಅಂದರೆ ಜಾಗಕ್ಕೆ ಕಟ್ಟಿಹಾಕಿದ ಮೇಲೆ ಕಂಪೈಲರ್ ಅದಕ್ಕೆ ಬಿಡುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಕೆಬಾಕ್ಸ್‌ನ (ಕರ್ನಲ್‌ನ ಬಾಕ್ಸ್) ಪಿನ್_ಇನಿಟ್ ಫಂಕ್ಷನ್. ಮೊದಲು ಹೀಪ್‌ನಲ್ಲಿ ಜಾಗ ಪಡೆದು, ಫೀಲ್ಡ್‌ಗಳನ್ನು ಅಲ್ಲೇ ತುಂಬುತ್ತದೆ. ನಮ್ಮ ಸ್ಟ್ರಕ್ಟ್‌ನಲ್ಲಿ (ಫೀಲ್ಡ್‌ಗಳ ಕಟ್ಟು) 8 ಕೆಬಿ ಬಫರ್ ಇದೆ. 64-ಬಿಟ್ ಎಕ್ಸ್86ನಲ್ಲಿ ಕರ್ನಲ್ ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಸಾಮಾನ್ಯವಾಗಿ 16 ಕೆಬಿ ಅಷ್ಟೇ. ಬಫರನ್ನು ಸ್ಟ್ಯಾಕ್‌ನಲ್ಲಿ ಕಟ್ಟಿ ಆಮೇಲೆ ಸಾಗಿಸೋದು ಅಂದ್ರೆ ಭಯ ಅಲ್ವಾ? ಆ ಫೀಲ್ಡಿಗೆ ಕೋಲನ್ ಬದಲು ಎಡಕ್ಕೆ ತಿರುಗಿದ ಬಾಣ ಹಾಕಿ, ಸೊನ್ನೆ ತುಂಬುವ ಇನಿಶಿಯಲೈಸರ್ ಕೊಟ್ಟೆ. ಮುಗೀತು. ನಡುವೆ ಯಾವುದಾದರೂ ಫೀಲ್ಡ್ ಕೈಕೊಟ್ಟರೆ, ಅಲ್ಲಿವರೆಗೆ ತುಂಬಿದ್ದನ್ನೆಲ್ಲ ತಾನೇ ಡ್ರಾಪ್ ಮಾಡಿ ತೆರವು ಮಾಡುತ್ತದೆ. ಹಳೇ ಸಿ ಕೋಡ್‌ನಲ್ಲಿ ಇದಕ್ಕೇ ಒಂದು ಪುಟ ಗೋಟು (ಎರರ್ ಬಂದರೆ ಕ್ಲೀನಪ್‌ಗೆ ಜಿಗಿಯುವ ಸಾಲುಗಳು) ಇತ್ತು.

ಇನ್ನು ಗೋಳು. ಮ್ಯೂಟೆಕ್ಸ್ ಫೀಲ್ಡಿನ ಮೇಲೆ ಪಿನ್ ಗುರುತು ಹಾಕದಿದ್ದರೆ, 'ಪಿನ್ ಹಾಕಿ' ಅಂತ ಕಂಪೈಲರ್ ನೇರವಾಗಿ ಹೇಳಲ್ಲ. 'ಇನಿಟ್ ಟ್ರೇಟ್ (ಟೈಪಿಗೆ ಇರಬೇಕಾದ ಗುಣ) ಇಲ್ಲ' ಅಂತ ಮ್ಯಾಕ್ರೋ ಒಳಗಿಂದ ಉದ್ದನೆಯ ಎರರ್ ಬರುತ್ತದೆ. ಜೊತೆಗೆ ಕೆಲಸ ಮಾಡುವ ಹುಡುಗ ಸೋಮವಾರಪೇಟೆಯಿಂದ ಫೋನ್ ಮಾಡಿ, "ಅಕ್ಕಾ, ಇದು ಯಾರಿಗೆ ಬೈತಿದೆ?" ಅಂದ. ಕೇಳಿದ್ದು ಸರಿಯೇ.

ಇನ್ನೊಂದು ವಿಷಯ. ಮೆಮೊರಿಯನ್ನು ಹೇಗೆ ಪಡೆಯಬೇಕು ಅಂತ ಹೇಳುವ ಅಲೊಕೇಶನ್ ಫ್ಲ್ಯಾಗ್ ನಿಮ್ಮದೇ ಜವಾಬ್ದಾರಿ. ಸ್ಪಿನ್‌ಲಾಕ್ (ಹಿಡಿದಾಗ ಕೋಡ್ ನಿದ್ದೆ ಹೋಗಬಾರದ ಲಾಕ್) ಹಿಡಿದುಕೊಂಡು, ನಿದ್ದೆಗೆ ಬಿಡುವ ಜಿಎಫ್‌ಪಿ_ಕರ್ನಲ್ ಫ್ಲ್ಯಾಗ್ ಕೊಟ್ಟರೆ ಈ ಲೈಬ್ರರಿ ತಡೆಯುವುದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಎರರ್ ಮೆಸೇಜಿಗೇ ಒಂದು ಕಡಿದೆ. ಲಾಕು, ಲಿಸ್ಟು ಇಲ್ಲದ ಚಿಕ್ಕ ಸ್ಟ್ರಕ್ಟ್ ಆದರೆ ಇದರ ಗೋಜಿಗೆ ಹೋಗಬೇಡಿ, ಕೆಬಾಕ್ಸ್‌ನ ನ್ಯೂ ಸಾಕು.